ಪಿಕಪ್ಪಿಗೆ ಬಂದ ಆಹೇರಿ

ನನ್ನ ಗಂಡನಿಗೆ "ಬ್ಯಾಡ" ಎನ್ನಲು ಬರುವುದಿಲ್ಲ. ಉಳಿದದ್ದೆಲ್ಲ ಬರುತ್ತದೆ. ಕುರಿಯ ಉಣ್ಣೆ ಕತ್ತರಿಸಲು ಬರುತ್ತದೆ, ಕಬ್ಬು ತುಂಬಿದ ಟ್ರೇಲರನ್ನು ಹಿಂದಕ್ಕೆ ಸರಿಸಿ ಗೇಟಿನೊಳಗೆ ಹೊಗಿಸಲು ಬರುತ್ತದೆ, ಬೇಕಾದರೆ ಮರಾಠಿಯಲ್ಲಿ ಜಗಳ ಬಿಡಿಸಲೂ ಬರುತ್ತದೆ. ಆದರೆ ಎದುರಿಗೆ ಯಾರಾದರೂ ಏನಾದರೂ ಹಿಡಿದು ನಿಂತರೆ ಸಾಕು, ಅದು ಬಾಳೆಹಣ್ಣಿರಲಿ ಬೆಕ್ಕಿನ ಮರಿಯಿರಲಿ, ಅವನ ಕೈ ತಾನಾಗಿ ಮುಂದೆ ಹೋಗುತ್ತದೆ. ನಮ್ಮ ಮನೆಯ ಗೋಡೆಯ ಮೇಲೆ ಹಿಂದಿನ ವರ್ಷಗಳ ಕ್ಯಾಲೆಂಡರುಗಳು ಇನ್ನೂ ಇವೆ, ಕೊಟ್ಟವರು ಬಂದಾಗ ಬೇಜಾರು ಮಾಡಿಕೊಳ್ಳಬಾರದು ಎಂದು. ಮೂರು ಗಡಿಯಾರಗಳಿವೆ, ಒಂದೂ ನಡೆಯುವುದಿಲ್ಲ. ಅವೂ ಬಂದವುಗಳೇ.

ಹೆಸರು ಮಾಳಸಿದ್ದ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಎದುರಿಗೆ ನಾನೂ "ಏನ್ರಿ", "ಬರ್ರಿ" ಎಂದೇ ಅನ್ನುತ್ತೇನೆ. ಬರೆಯುವಾಗ ಮಾತ್ರ ಮಾಳಸಿದ್ದ ಅಂತಲೇ ಬರೆಯುತ್ತೇನೆ, ಅವನು ಇವನು ಅಂತಲೂ ಬರೆಯುತ್ತೇನೆ. ಇಷ್ಟು ವರ್ಷ ಅವನ ಜೊತೆ ಏಗಿದ್ದಕ್ಕೆ ಅಷ್ಟಾದರೂ ಸಮಾಧಾನ ನನಗಿರಲಿ.

ನಮ್ಮ ಊರು ರಾಯಬಾಗ ಮತ್ತು ಹಾರೂಗೇರಿಯ ನಡುವೆ, ದೊಡ್ಡ ರಸ್ತೆಯಿಂದ ಒಳಗೆ. ನಾನು ಅಲ್ಲಿಯ ಅಂಗನವಾಡಿ ಟೀಚರು. ಮಾಳಸಿದ್ದನ ಅಪ್ಪನದು ಕುರಿ ಹಿಂಡು. ಅಪ್ಪ ಅವ್ವ ಇಬ್ಬರೂ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಅಕ್ಕ ಕೆಂಪವ್ವ ಅವನನ್ನು ಬೆಳೆಸಿದಳು, ಆಮೇಲೆ ಅಥಣಿ ಕಡೆ ಮದುವೆಯಾಗಿ ಹೋದಳು. ಮಾಳಸಿದ್ದ ಬೇರೆಯವರ ಟ್ರ್ಯಾಕ್ಟರು, ಬೇರೆಯವರ ಟೆಂಪೋ ಓಡಿಸಿಕೊಂಡೇ ಅರ್ಧ ಆಯುಷ್ಯ ಕಳೆದ. ನಿಪ್ಪಾಣಿಯಲ್ಲಿ ತಂಬಾಕಿನ ಚೀಲ ಹೊತ್ತ ಟೆಂಪೋ, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು. ಸ್ವಂತದ್ದೊಂದು ಗಾಡಿ ಬೇಕು ಅನ್ನುವುದು ಅವನ ತಲೆಯಲ್ಲಿ ಯಾವಾಗಲೂ ಇತ್ತು. ಎರಡು ಸಾವಿರದ ಹದಿನೇಳರಲ್ಲಿ ಡೇರಿಯವರು ಹಾರೂಗೇರಿ ಕಡೆಯ ಹಳ್ಳಿಗಳ ಹಾಲು ರಾಯಬಾಗಕ್ಕೆ ತರಲು ಗಾಡಿ ಬೇಕೆಂದರು. ತಾನೇ ಒಂದೊಂದಾಗಿ ಕೂಡಿಸಿದ್ದ ಕುರಿಗಳನ್ನೆಲ್ಲ ಮಾರಿ, ಉಳಿದದ್ದಕ್ಕೆ ಬ್ಯಾಂಕು ಹಿಡಿದು, ಹೊಸ ಬಿಳಿ ಪಿಕಪ್ ತಂದ. ಹಾಲಿನ ರೂಟು ಸಿಕ್ಕಿತು. ಕುರಿ ಇಲ್ಲದ ಮೇಲೆ ಆ ರೂಟೇ ನಮ್ಮ ಅನ್ನ. ಅದು ಹೋದರೆ ಗಾಡಿಯೂ ಹೋಗುತ್ತದೆ, ಮಾಳಸಿದ್ದ ಮತ್ತೆ ಬೇರೆಯವರ ಸ್ಟೇರಿಂಗಿನ ಹಿಂದೆ ಕೂರಬೇಕು. ಇದು ನನಗೆ ಗೊತ್ತಿತ್ತು, ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನೋಡಿ ಏನು ಮಾಡಿದ.

ಕೀಲಿ ಕೊಡುವಾಗ ಶೋರೂಮಿನವನು ಬಿಡಿಸಿ ಹೇಳಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ.

"ನೋಡ್ರಿ, ಇದು ಹಳೇ ಗಾಡಿ ಹಂಗ ಅಲ್ಲ. ಒಳಗ ಕಂಪ್ಯೂಟರ್ ಐತಿ. ಎಂಜಿನ್ನಿಗೆ ಎಷ್ಟು ಡೀಸೆಲ್ ಬಿಡಬೇಕು ಅನ್ನೂದು ಅದ ಲೆಕ್ಕಾ ಹಾಕತೈತಿ. ಎಲ್ಲಿ ಬೇಕಲ್ಲಿ ವೈರ್ ಕಡದು ಲೈಟು, ಹಾರ್ನು ಕೂಡಿಸಬ್ಯಾಡ್ರಿ."

"ಹೂಂ ರಿ" ಎಂದ ಮಾಳಸಿದ್ದ. ಅವನು ಕೂಡಿಸಿರಿ ಎಂದಿದ್ದರೂ "ಹೂಂ ರಿ" ಎಂದೇ ಅನ್ನುತ್ತಿದ್ದ.

ಚಿಂಚಲಿ ಮಾಯಕ್ಕನ ಗುಡಿಯ ಮುಂದೆ ಪೂಜೆ. ಭಂಡಾರದ ಅರಿಶಿನ ಎರಚಿ ಎರಚಿ ಬಿಳಿ ಬಾನೆಟ್ಟು ಹಳದಿಯಾಯಿತು. ಗಾಲಿಗೆ ನಿಂಬೆಹಣ್ಣು, ಗಾಜಿಗೆ ಕುಂಕುಮ. ಅಲ್ಲಿಯವರೆಗೆ ಎಲ್ಲ ಸರಿಯೇ. ಆಮೇಲೆ ಆಹೇರಿ ಶುರುವಾಯಿತು.

ಮದುವೆ, ಮನೆಶಾಂತಿ, ಯಾವುದೇ ಶುಭಕಾರ್ಯಕ್ಕೆ ಬೀಗರು ನೆಂಟರು ತರುವ ಉಡುಗೊರೆಗೆ ನಮ್ಮಲ್ಲಿ ಆಹೇರಿ ಅನ್ನುತ್ತಾರೆ. ಹೊಸ ಗಾಡಿಗೂ ಉಂಟು. ಮೊದಲೆಲ್ಲ ಟಾವೆಲ್ಲು, ಟೊಪ್ಪಿಗೆ, ತೆಂಗಿನಕಾಯಿ. ಕೊಟ್ಟವರಿಗೂ ಭಾರವಿಲ್ಲ, ಪಡೆದವರಿಗೂ ತೊಂದರೆಯಿಲ್ಲ. ಅದನ್ನು ಕೆಡಿಸಿದವನು ಹಾರೂಗೇರಿಯ ಸಿದರಾಯ ಮಾವ, ಮಾಳಸಿದ್ದನ ಸೋದರಮಾವ. ದೊಡ್ಡದೊಂದು ರಟ್ಟಿನ ಡಬ್ಬಿ ಹೊತ್ತುಕೊಂಡು ಬಂದ.

"ಟಾವೆಲ್ ಕೊಟ್ರ ನಾಕ ದಿನದಾಗ ನೆಲಾ ಒರಸಾಕ ಹೋಗತೈತಿ. ಗಾಡಿಗೆ ಸಾಮಾನ ಕೊಟ್ರ ಹೆಸರು ಉಳೀತೈತಿ" ಎಂದು ಹೇಳಿ ಡಬ್ಬಿ ಬಿಚ್ಚಿದ. ಒಳಗೆ ಹಾಡು ಹಾಕುವ ಡೆಕ್ಕು, ಎರಡು ಸ್ಪೀಕರು. ಒಂದೊಂದು ಸ್ಪೀಕರೂ ನಮ್ಮ ಹಿಟ್ಟಿನ ಡಬ್ಬಿಯಷ್ಟಿತ್ತು.

ಮಾವ ಇಂಥದ್ದು ತರುತ್ತಾನೆಂಬ ಸುದ್ದಿ ಮೊದಲೇ ಹರಡಿತ್ತು ಕಾಣುತ್ತದೆ, ಯಾರೂ ಕಡಿಮೆ ಬಿದ್ದಿರಲಿಲ್ಲ. ನಿಪ್ಪಾಣಿಯಿಂದ ಬಂದ ಮಾಳಸಿದ್ದನ ಹಳೆಯ ಗೆಳೆಯ ಸಂಭಾಜಿ, ಕ್ಯಾಬಿನ್ನಿನ ಸುತ್ತ ಓಡುವ ಕೆಂಪು ಹಸಿರು ನೀಲಿ ಲೈಟಿನ ಸರ ತಂದಿದ್ದ. ಮಾಳಸಿದ್ದನ ಅಪ್ಪನ ತಂಗಿ ತುಳಸವ್ವ ಅತ್ತೆ ಡ್ರೈವರಿನ ತಲೆಗೆ ಗಾಳಿ ಬೀಸುವ ಫ್ಯಾನು ತಂದಿದ್ದಳು. ಅಂಕಲಿಯಿಂದ ಬಂದ ನನ್ನ ಅಣ್ಣ ನಾಮದೇವ ತಂದದ್ದು ಒಂಬತ್ತು ಥರ ಕೂಗುವ ಹಾರ್ನು. ಅದರಲ್ಲಿ ಒಂದು ಥರ ಮಗು ಅತ್ತ ಹಾಗೆ ಕೇಳುತ್ತಿತ್ತು. ಕೊನೆಗೆ ಕೆಂಪವ್ವ ಅಕ್ಕ, ಕ್ಯಾಬಿನ್ನಿನ ತಲೆಯ ಮೇಲೆ ಕೂಡಿಸುವ ನಾಲ್ಕು ಫೋಕಸ್ ಲೈಟು ತಂದಳು. ಒಂದೊಂದೂ ಊಟದ ತಾಟಿನಷ್ಟು ಅಗಲ.

ಆಹೇರಿಗೆ ಬಂದ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುವುದು ನಮ್ಮಲ್ಲಿ ವಾಡಿಕೆ. ಸ್ಪೀಕರಿನ ಮೇಲೆ ಕೊರೆಯಲಾಗುತ್ತದೆಯೇ? ಸ್ಟಿಕ್ಕರು ಮಾಡಿಸಿದ್ದರು. "ಸೋದರಮಾವನ ಕಾಣಿಕೆ." "ಅಕ್ಕನ ಆಶೀರ್ವಾದ." ಡೀಸೆಲ್ ಟ್ಯಾಂಕಿನ ಮೇಲೊಂದು "ಗೆಳೆತನ". ಗಾಡಿಯಲ್ಲಿ ಕಂಪನಿಯ ಹೆಸರು ಹುಡುಕಬೇಕಾಗಿತ್ತು.

ನಾನು ಮೆಲ್ಲಗೆ ಅಂದೆ, "ಏನ್ರಿ, ಶೋರೂಮಿನವ ಏನ ಹೇಳಿದ್ದ?"

"ಪ್ರೀತಿಲೆ ತಂದಾರ. ಹೆಂಗ ಬ್ಯಾಡ ಅನ್ಲಿ?" ಎಂದ.

ಆಹೇರಿಯದು ಇನ್ನೊಂದು ರೀತಿಯೂ ಇದೆ. ಕೊಟ್ಟವರು ಊರಿಗೆ ಮರಳುವ ಮೊದಲು ಅದನ್ನು ಉಟ್ಟೋ ತೊಟ್ಟೋ ತೋರಿಸಬೇಕು. ಸೀರೆ ಕೊಟ್ಟರೆ ಆ ಹೊತ್ತಿಗೇ ಉಟ್ಟು ಬಂದು ಕಾಲಿಗೆ ಬೀಳಬೇಕು. ಹಾಗಾಗಿ ಪೂಜೆ ಮುಗಿದ ಕೂಡಲೇ ಇಡೀ ಬಳಗ ಹಾರೂಗೇರಿಯ ಬಾಳುವಿನ ಅಂಗಡಿಗೆ ಹೊರಟಿತು. ಬಾಳು ಗಾಡಿಗಳ ವೈರಿಂಗ್ ಮಾಡುವವನು. ಸಾಮಾನು ನೋಡಿ ಕೈಯಲ್ಲಿದ್ದ ಪಕ್ಕಡ ಕೆಳಗಿಟ್ಟ.

"ಮಾವಾರ, ಇದು ಕಂಪ್ಯೂಟರ್ ಗಾಡಿ. ಒಂದೊಂದಕ್ಕೂ ಬ್ಯಾಟರಿಯಿಂದ ಬ್ಯಾರೆ ಬ್ಯಾರೆ ವೈರ್ ಎಳದು, ಫ್ಯೂಜ್ ಹಾಕಿ, ಅರ್ಥಿಂಗಿಗೆ ಬ್ಯಾರೆ ಜಾಗಾ ಮಾಡಬೇಕು. ಎರಡ ದಿನಾ ಗಾಡಿ ಬಿಟ್ಟ ಹೋಗ್ರಿ."

"ಎರಡ ದಿನಾ? ಕೊಟ್ಟ ಮಂದಿ ಇಲ್ಲೇ ನಿಂತಾರ. ಹೊತ್ತ ಮುಣಗೂದ್ರಾಗ ಎಲ್ಲಾ ಹತ್ತಬೇಕು!" ಎಂದ ಸಿದರಾಯ ಮಾವ.

ಆಮೇಲೆ ಯಾರದು ಮೊದಲು ಕೂಡಿಸಬೇಕು ಎಂಬ ಮಾತು ಬಂತು. ಮಾವ ತಾನು ಹಿರಿಯ ಎಂದ. ಸಂಭಾಜಿ ತಾನು ದೂರದಿಂದ ಬಂದವನು ಎಂದ. ನಾನು ಸುಮ್ಮನಿರಲಿಲ್ಲ, ತವರಿನ ಆಹೇರಿ ಕಡೆಗೆ ಬಿದ್ದರೆ ನನ್ನ ಮುಖ ಎಲ್ಲಿಡಲಿ? ಕೆಂಪವ್ವ ಅಕ್ಕ ಮಾತ್ರ ದನಿ ಎತ್ತದೆ, "ತಾಯಿ ಜಾಗಾದಾಗ ನಾ ಅದೇನಿ. ನಂದು ಮೊದಲ ಹಾಕು" ಎಂದಳು. ಅದಕ್ಕೆ ಯಾರೂ ಎದುರಾಡಲಿಲ್ಲ. ಬಾಳು ಸಂಜೆಯವರೆಗೆ ಗಾಡಿಯ ಕೆಳಗೆ, ಮೇಲೆ, ಒಳಗೆ ಹೊರಳಾಡಿದ. ಫ್ಯೂಜುಗಳನ್ನೇನೋ ಹಾಕಿದ. ಆದರೆ ಕರೆಂಟು ವಾಪಸು ಹೋಗುವ ಅರ್ಥಿಂಗಿನ ಕಪ್ಪು ವೈರುಗಳಿಗೆ ಬೇರೆ ಜಾಗ ಮಾಡಲು ಬಿಡುವೇ ಇರಲಿಲ್ಲ. ಎಂಜಿನ್ನಿನ ಪಕ್ಕ ಕಂಪನಿಯವರು ತಮ್ಮ ಅರ್ಥಿಂಗ್ ವೈರು ಬಿಗಿದಿದ್ದ ಬೋಲ್ಟೊಂದು ಸಿಕ್ಕಿತು. ಅದನ್ನೇ ಸಡಿಲಿಸಿ ಎಲ್ಲರದನ್ನೂ ಅದರಲ್ಲೇ ತುರುಕಿ ಬಿಗಿದ. ಕತ್ತಲಾಗುವ ಹೊತ್ತಿಗೆ ಗಾಡಿ ಹಾಡಿತು, ಅತ್ತಿತು, ಕೆಂಪು ಹಸಿರು ಓಡಿಸಿತು, ಅಕ್ಕನ ಲೈಟು ಎದುರಿನ ಚಹಾ ಅಂಗಡಿಯವನ ಕಣ್ಣು ಕುಕ್ಕಿತು. ಎಲ್ಲರೂ ಸಂತೋಷದಿಂದ ಊರಿಗೆ ಹೋದರು. ಸಂಕಟ ನಮ್ಮ ಪಾಲಿಗೆ ಉಳಿಯಿತು.

ಮೊದಲ ತಿಂಗಳು ಹೇಗೋ ನಡೆಯಿತು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತತೊಡಗಿತು. ಅದು ಹತ್ತಿದ ಕೂಡಲೇ ಗಾಡಿಯ ಜೀವ ಹಾರುತ್ತಿತ್ತು. ಎಷ್ಟು ತುಳಿದರೂ ಎತ್ತಿನ ಗಾಡಿಯ ನಡಿಗೆ. ನಿಲ್ಲಿಸಿ, ಕೀಲಿ ತೆಗೆದು, ಮಾಯಕ್ಕನ ಹೆಸರು ಹೇಳಿ ಮತ್ತೆ ಹಾಕಿದರೆ ಸ್ವಲ್ಪ ದೂರ ಓಡುತ್ತಿತ್ತು, ಮತ್ತೆ ಅದೇ ಪಾಡು. ಬೆಳಗಿನ ಹಾಲು ತಡವಾಗಿ ಮುಟ್ಟತೊಡಗಿತು. ಒಮ್ಮೆ ನಾಲ್ಕು ಕ್ಯಾನು ಹುಳಿ ಹಿಡಿದವು. ಡೇರಿಯಲ್ಲಿ ಹಾಲು ನೋಡಿ ತೆಗೆದುಕೊಳ್ಳುವ ಬಾಹುಬಲಿ ಒಳ್ಳೆಯ ಮನುಷ್ಯ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಮಾಳಸಿದ್ದ, ನೀ ಛಲೋ ಮನಷ್ಯಾ ಅದಿ. ಆದ್ರ ಅದು ಹಾಲಿಗೆ ಗೊತ್ತಿಲ್ಲ. ಇನ್ನೊಮ್ಮೆ ಹಾಲು ಕೆಟ್ಟ ಬಂತಂದ್ರ ರೂಟ್ ಬ್ಯಾರೇದವರಿಗೆ ಹೋಗತೈತಿ. ನನ್ನ ಕೈಯಾಗ ಏನೂ ಇಲ್ಲಪಾ."

ಚಿಕ್ಕೋಡಿಗೆ, ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದ. ಅಲ್ಲಿಯ ಮಿಸ್ತ್ರಿ ಬಾನೆಟ್ಟು ಎತ್ತಿ, ಒಳಗಿನ ವೈರುಗಳ ಗೋಜಲು ನೋಡಿ, ಸಂಗಡಿಗರನ್ನೂ ಕರೆದು ತೋರಿಸಿದನಂತೆ. "ಗಾಡಿಗೆ ಏನೂ ಆಗಿಲ್ಲ. ಇದನ್ನೆಲ್ಲಾ ಬಿಚ್ಚಿಸಿಕೊಂಡ ಬರ್ರಿ, ಆಮೇಲೆ ಕೈ ಹಚ್ಚತೀವಿ. ಇಲ್ಲಂದ್ರ ವಾರಂಟಿ ಮರತ ಬಿಡ್ರಿ" ಎಂದು ಕಳಿಸಿದ.

ಮಾಳಸಿದ್ದ ಮನೆಗೆ ಬಂದು, ಅರ್ಧ ದಿನ ಯೋಚನೆ ಮಾಡಿ, ಒಂದನ್ನು ಬಿಚ್ಚಿದ. ಯಾವುದು ಗೊತ್ತೇ? ನನ್ನ ಅಣ್ಣನ ಹಾರ್ನು.

ನನ್ನ ಮೈಯೆಲ್ಲ ಉರಿದು ಹೋಯಿತು. "ಇಷ್ಟೆಲ್ಲಾದ್ರಾಗ ನಿಮ್ಮ ಕಣ್ಣಿಗೆ ನನ್ನ ತವರಮನೀದ ಬಿತ್ತೇನ್ರಿ? ಮಾವನ ಸ್ಪೀಕರ್ ಕಾಣ್ಲಿಲ್ಲ? ಸಂಭಾಜಿಯ ಬಣ್ಣದ ಸರ ಕಾಣ್ಲಿಲ್ಲ?"

"ನಾಮದೇವ ಅಣ್ಣಾರು ದೊಡ್ಡ ಮನಸಿನವರು. ಅವರು ಸಿಟ್ಟಾಗೂದಿಲ್ಲ" ಎಂದ.

ಅಂದರೆ ಅವನ ಕಡೆಯವರದೆಲ್ಲ ಸಣ್ಣ ಮನಸ್ಸು ಎಂದು ಅವನೇ ಒಪ್ಪಿಕೊಂಡ ಹಾಗಾಯಿತು. ಅದಿರಲಿ. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಹಾರ್ನು ಮತ್ತೆ ಅದರ ಜಾಗದಲ್ಲಿತ್ತು.

ಇದಾದ ಮೇಲೆ ಅವನೊಂದು ಉಪಾಯ ಕಂಡುಕೊಂಡ. ಅದನ್ನು ನೆನೆದರೆ ಈಗಲೂ ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ಸಾಮಾನುಗಳ ಫ್ಯೂಜು ತೆಗೆದಿಟ್ಟು ಓಡಿಸಿದರೆ ಹಳದಿ ದೀಪ ಹತ್ತುವುದಿಲ್ಲ ಎಂದು ಬಾಳು ಹೇಳಿದ್ದ. ಇನ್ನೇನು, ಫ್ಯೂಜುಗಳನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡೇ ಓಡಿಸತೊಡಗಿದ. ಆದರೆ ರೂಟಿನ ಊರುಗಳಲ್ಲೆಲ್ಲ ನೆಂಟರಿದ್ದಾರಲ್ಲ! ಹಾರೂಗೇರಿ ಬರುವ ಮೊದಲು ಹಳ್ಳದ ಹತ್ತಿರ ನಿಲ್ಲಿಸಿ ಸಿದರಾಯ ಮಾವನ ಫ್ಯೂಜು ಹಾಕುವುದು, ಮಾವನ ಮನೆಯ ಮುಂದೆ ಗಟ್ಟಿಯಾಗಿ ಹಾಡು ಹಚ್ಚಿಕೊಂಡು ಹೋಗುವುದು, ಊರು ದಾಟಿದ ಮೇಲೆ ತೆಗೆಯುವುದು. ತುಳಸವ್ವ ಅತ್ತೆಯ ಊರಿಗೆ ಮೊದಲು ಫ್ಯಾನಿನ ಫ್ಯೂಜು, ಚಳಿಗಾಲದಲ್ಲೂ. ಸಂಭಾಜಿ ರಾಯಬಾಗಕ್ಕೆ ಬರುವ ದಿನ ಅವನದು. ಒಂದೊಂದು ಫ್ಯೂಜಿನ ಬಣ್ಣಕ್ಕೂ ಒಬ್ಬೊಬ್ಬ ನೆಂಟ. ಒಗೆಯಲು ಹಾಕಿದ ಅಂಗಿಯಿಂದ ಅವು ಬಕೆಟ್ಟಿಗೆ ಉದುರುತ್ತಿದ್ದವು.

"ಗಂಟುಬಿದ್ದ ದೆವ್ವ ಬಿಡಿಸಿದಂಗ ಬಿಡಿಸಿ ಬಿಡ್ರಿ ಒಮ್ಮೆ. ಮುಗೀತು" ಎಂದು ನಾನು ಬಡಿದುಕೊಂಡೆ.

"ನಡದೈತಲಾ ಈಗ? ಯಾರಿಗೂ ಬ್ಯಾಸರಿಲ್ಲ" ಎಂದ. ನನ್ನ ಬೇಸರ ಲೆಕ್ಕಕ್ಕೇ ಇರಲಿಲ್ಲ.

ಅಕ್ಕನ ಊರು ರೂಟಿನಲ್ಲಿ ಇರಲಿಲ್ಲವಾದ್ದರಿಂದ ಅವಳ ಫ್ಯೂಜು ಜೇಬು ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಆದರೆ ಅವಳು ಫೋನಿನಲ್ಲಿ ತಪ್ಪದೆ ಕೇಳುತ್ತಿದ್ದಳು, "ತಮ್ಮಾ, ನನ್ನ ಲೈಟ್ ಹತ್ತತಾವೇನೊ?"

"ಝಗಝಗ ಹತ್ತತಾವಕ್ಕಾ" ಎನ್ನುತ್ತಿದ್ದ, ಎಡಗೈಯಲ್ಲಿ ಜೇಬು ಮುಟ್ಟಿ ನೋಡಿಕೊಳ್ಳುತ್ತ.

ಮುಂದಿನ ಬೇಸಿಗೆಯಲ್ಲಿ ಅಕ್ಕ ನಾಲ್ಕು ದಿನ ಇರಲು ಬಂದಳು. ಬಂದ ಮರುದಿನ ಬೆಳಿಗ್ಗೆ, "ನಾನೂ ಹಾಲಿನ ಗಾಡ್ಯಾಗ ಬರತೇನಿ. ತಮ್ಮನ ಗಾಡಿ ಅಂತ ನಾಕ ಊರಾಗ ತೋರಸಬೇಕು" ಎಂದಳು. ಅಂಗನವಾಡಿಗೆ ರಜೆಯಿತ್ತು, ನನ್ನನ್ನೂ ಕರೆದಳು. ಮಾಳಸಿದ್ದ ನನ್ನ ಮುಖ ನೋಡಿದ. ನಾನು ಬೇಕೆಂದೇ ಗೋಡೆ ನೋಡಿದೆ. ಹೇಳಬೇಕಾದವನು ಅವನು, ನಾನಲ್ಲ.

ಹೇಳಲಿಲ್ಲ. ಅಕ್ಕ ಹತ್ತಿ ಕೂರುವುದರೊಳಗೆ ಫ್ಯೂಜುಗಳನ್ನೆಲ್ಲ ಹಾಕಿಬಿಟ್ಟಿದ್ದ, ಸ್ವಿಚ್ಚುಗಳನ್ನೆಲ್ಲ ಒತ್ತಿದ್ದ. ಹಾಡು, ಫ್ಯಾನು, ಬಣ್ಣದ ಸರ, ಸೂರ್ಯ ಮೂಡಿದ ಮೇಲೂ ತಲೆಯ ಮೇಲೆ ಉರಿಯುವ ನಾಲ್ಕು ತಾಟು. ಊರೂರಿನಲ್ಲಿ ಹಾಲು ತುಂಬಿಕೊಂಡೆವು. ಅಕ್ಕ ಪ್ರತಿ ಊರಿನಲ್ಲೂ ಇಳಿದು, ತಲೆ ಎತ್ತಿ ತನ್ನ ಲೈಟು ನೋಡಿ, ಮತ್ತೆ ಹತ್ತಿ ಕೂರುತ್ತಿದ್ದಳು. ನಾನು ಮಾತ್ರ ಡ್ಯಾಶ್‌ಬೋರ್ಡಿನಿಂದ ಕಣ್ಣು ಕೀಳಲಿಲ್ಲ.

ಹಾರೂಗೇರಿ ದಾಟಿ ಕಾಲುವೆಯ ಹತ್ತಿರ ಬಂದಾಗ ಹಳದಿ ದೀಪ ಹತ್ತಿತು. ಗಾಡಿ ಕುಂಟಿತು. ಮಾಳಸಿದ್ದ ಹಾಡು ಸಣ್ಣದು ಮಾಡಿದ. ಅಕ್ಕ "ಯಾಕೊ, ಇರಲಿ ಬಿಡು" ಎಂದಳು. ಅವನು ಮತ್ತೆ ದೊಡ್ಡದು ಮಾಡಿದ! ನಾನು ಅವನ ತೊಡೆಗೆ ಚಿವುಟಿದೆ. ಸ್ವಲ್ಪ ಮುಂದೆ ಹೋಗಿ ಗಾಡಿ ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಹಾಡೂ ನಿಂತಿತು. ಕೀಲಿ ತಿರುಗಿಸಿದರೆ ಟಕ್ ಟಕ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಆಗಲೇ ಬಿಸಿಲು ಏರಿತ್ತು. ಹಿಂದೆ ಕ್ಯಾನುಗಳ ತುಂಬ ಹಾಲು. ಆ ಹಾಲು ಕೆಟ್ಟರೆ ರೂಟು ಹೋದಂತೆಯೇ.

ಇಳಿದು ಗಡಿಬಿಡಿಯಲ್ಲಿ ಫ್ಯೂಜುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಆಗಲೂ ಚಾಲೂ ಆಗಲಿಲ್ಲ. ನಾವಿಬ್ಬರೂ ಇಳಿದೆವು. ಬಾನೆಟ್ಟು ಎತ್ತಿ ಬಗ್ಗಿ ನೋಡುವಾಗ ಜೇಬಿನಿಂದ ಅವೆಲ್ಲ ಅಕ್ಕನ ಕಾಲ ಹತ್ತಿರ ಉದುರಿದವು.

"ಏನಪಾ ಇವು, ಪೆಪ್ಪರಮಿಂಟ್ ಹಂಗ ಅದಾವು?" ಎಂದಳು ಅಕ್ಕ, ಆರಿಸಿಕೊಂಡು ಅಂಗೈಯಲ್ಲಿ ಹಿಡಿದು.

ಮಾಳಸಿದ್ದ ಬಾನೆಟ್ಟಿನೊಳಗೆ ಇನ್ನಷ್ಟು ತಲೆ ಹುದುಗಿಸಿದ. ಇನ್ನು ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಶೋರೂಮಿನವನು ಹೇಳಿದ್ದು, ಚಿಕ್ಕೋಡಿಯ ಮಿಸ್ತ್ರಿ ಹೇಳಿದ್ದು, ಬಾಹುಬಲಿ ಹೇಳಿದ್ದು, ಒಂದೊಂದು ಊರಿಗೆ ಒಂದೊಂದು ಫ್ಯೂಜು ಹಾಕಿ ತೆಗೆಯುವ ನಾಟಕ. "ಅದರಾಗ ಕೆಂಪ ಇರೂದು ನಿಮ್ಮದ್ರಿ ಅಕ್ಕಾರ" ಎಂದೂ ಹೇಳಿದೆ. ಅಕ್ಕ ಕೆಂಪು ಫ್ಯೂಜನ್ನು ಬಿಸಿಲಿಗೆ ಹಿಡಿದು ನೋಡಿದಳು.

ಅಷ್ಟರಲ್ಲಿ ಅವನು ಬಾಳುವಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದ.

"ಎಂಜಿನ್ ಬಾಜೂಕಿನ ಆ ಬೋಲ್ಟ್ ನೋಡು, ಎಲ್ಲಾರ ಕರೀ ವೈರ್ ಬಿಗದೇನಲಾ, ಅದು. ಕರ್ರಗ ಸುಟ್ಟೈತೇನ?" ಎಂದ ಬಾಳು.

"ಸುಟ್ಟೈತಿ."

"ಹಂಗಾದ್ರ ಅರ್ಥಿಂಗ್ ಹತ್ತವಲ್ದು. ಮೊದಲ ಬ್ಯಾಟರಿ ವೈರ್ ತಗಿ. ಆಮೇಲೆ ಆ ಬೋಲ್ಟಿನಿಂದ ಎಲ್ಲಾರದೂ ಬಿಚ್ಚಿ ಒಗದು, ಜಾಗಾ ಕೆರದು, ಕಂಪನೀದೊಂದ ಬಿಗಿ. ಒಂದೂ ಉಳಸಬ್ಯಾಡ. ಅವತ್ತ ನಿಮ್ಮ ಮಂದಿ ನನ್ನ ನೆತ್ತಿ ಮ್ಯಾಲ ನಿಂತಿದ್ರಪಾ, ಇಲ್ಲಂದ್ರ ನಾ ಹಂಗ ಬಿಗೀತಿದ್ನೇನ?"

ಮಾಳಸಿದ್ದ ಬೋಲ್ಟು ತಿರುಗಿಸುವ ಪಾನಾ ತಂದ. ಮಾವನ ವೈರು ಬಿಚ್ಚಿದ. ಸಂಭಾಜಿಯದು ಬಿಚ್ಚಿದ. ಅತ್ತೆಯದು, ನನ್ನ ಅಣ್ಣನದು. ನನ್ನ ಅಣ್ಣನದಕ್ಕೆ ನಾನು ಉಸಿರೆತ್ತಲಿಲ್ಲ, ಬರೆದಿಟ್ಟುಕೊಳ್ಳಿ. ಕಡೆಗೆ ಅಕ್ಕನದು ಉಳಿಯಿತು. ಎಲ್ಲಕ್ಕಿಂತ ಮೊದಲು ಹಾಕಿದ್ದಲ್ಲವೇ, ಎಲ್ಲಕ್ಕಿಂತ ತಳದಲ್ಲಿತ್ತು, ಕಂಪನಿಯ ವೈರಿಗೂ ಗಾಡಿಯ ಮೈಗೂ ನಡುವೆ. ಹೆಚ್ಚು ಸುಟ್ಟದ್ದೂ ಅದೇ. ಅದನ್ನು ತೆಗೆಯದೆ ಗಾಡಿ ಚಾಲೂ ಆಗುವ ಮಾತೇ ಇರಲಿಲ್ಲ.

ಅವನ ಕೈ ನಿಂತಿತು. ಬೆವರು ಮೂಗಿನ ತುದಿಯಿಂದ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಇದೊಂದ ಬಿಟ್ಟ ನೋಡೂನೇನ..." ಎಂದ, ನನಗೋ ತನಗೋ.

ಹಿಂದೆ ಹಾಲು ಕಾಯುತ್ತಿದೆ, ಬ್ಯಾಂಕಿನ ಕಂತು ಕಾಯುತ್ತಿದೆ, ಇಲ್ಲಿ ನನ್ನ ಗಂಡ ವೈರಿನ ಮುಂದೆ ಮರ್ಯಾದೆ ಮಾಡಿಕೊಂಡು ನಿಂತಿದ್ದಾನೆ! ಅವನ ಕೈಯಿಂದ ಪಾನಾ ಕಸಿದುಕೊಂಡು ನಾನೇ ಬಿಚ್ಚಬೇಕೆಂದು ಮುಂದೆ ಹೋದೆ. ಅಕ್ಕ ನನ್ನ ತೋಳು ಹಿಡಿದಳು.

"ನೀ ನಿಂದ್ರವಾ. ಅವ ಬಿಚ್ಚಲಿ" ಎಂದಳು. ಆಮೇಲೆ ಅವನ ಕಡೆ ತಿರುಗಿ, "ಮಾಳ್ಯಾ, ನನಗ ಬ್ಯಾಡ ಅನ್ನು."

"ಏ ಅಕ್ಕಾ, ನೀ ಏನಾರ..."

"ಅನ್ನು. ನಾನ ಕಲಿಸಿದ್ದು, ನಾನ ಬಿಡಸತೇನಿ. ಅವ್ವ ಅಪ್ಪ ಹೋದಾಗ ಕುರೀ ಹಿಂಡೆಲ್ಲಾ ಸಾಲಕ್ಕ ಹೋಗಿ ಮಂದಿ ಬಾಗಲಾಗ ನಿಂತ ಉಂಡೀವಿ. ಒಂದಿನ ಗೌಡರ ಮನ್ಯಾಗ ತಂಗಳ ರೊಟ್ಟಿ ಕೊಟ್ರು, ನೀ ಬ್ಯಾಡ ಅಂದಿ. ಬೂಸರ ಬಂದಿತ್ತದು. ನಾ ನಿನ್ನ ಕಪಾಳಕ್ಕ ಹೊಡದೆ. ಕೊಟ್ಟದ್ದಕ್ಕ ಬ್ಯಾಡ ಅನಬ್ಯಾಡ, ನಾಳಿ ಹಸಿವಾದಾಗ ಈ ಬಾಗಲಾ ತೆರಿಯೂದಿಲ್ಲ ಅಂದೆ. ನೆನಪೈತೇನ?"

ಮಾಳಸಿದ್ದ ತಲೆಯಾಡಿಸಿದ. ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ, ಈ ಮಾತು ನನ್ನ ಮುಂದೆ ಒಮ್ಮೆಯೂ ಬಂದಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಇಡಬೇಕೋ ತಿಳಿಯದೆ ಹೋಯಿತು.

"ಅದ ಬಾಯಿಲೆ ಹೇಳತೇನಿ. ಈ ಲೈಟ್ ಬ್ಯಾಡ ಅನ್ನು ನನಗ."

ರಸ್ತೆಯಲ್ಲಿ ಹೋಗುತ್ತಿದ್ದ ಮೋಟರ್‌ಸೈಕಲ್ಲಿನವನೊಬ್ಬ ನಿಧಾನಿಸಿ ನಮ್ಮನ್ನು ನೋಡಿ ಮುಂದೆ ಹೋದ. ಮಾಳಸಿದ್ದ ಪಾನಾ ಕೈಯಿಂದ ಕೈಗೆ ಬದಲಿಸಿದ. ನಲವತ್ತರ ಗಂಡಸು, ನಮ್ಮ ಅಂಗನವಾಡಿಯ ಕೂಸಿನ ಹಾಗೆ ಕೆಳತುಟಿ ಹಿಡಿದುಕೊಂಡು ನಿಂತಿದ್ದ.

"ಬ್ಯಾಡಕ್ಕಾ" ಎಂದ ಕಡೆಗೆ.

"ಕೇಳಸಲಿಲ್ಲ."

"ಬ್ಯಾಡ! ನಿನ್ನ ಲೈಟ್ ನನಗ ಬ್ಯಾಡ! ಯಾರದೂ ಬ್ಯಾಡ ನನಗ!"

ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕತ್ತೆತ್ತಿ ನೋಡಿದರು. ಮಾಳಸಿದ್ದ ಬಗ್ಗಿ ವೈರು ಬಿಚ್ಚಿ ಎಳೆದು ತೆಗೆದ. ಚಾಕುವಿನಿಂದ ಬೋಲ್ಟಿನ ಜಾಗ ಕೆರೆದ, ಕಂಪನಿಯ ವೈರನ್ನೂ ಕೆರೆದು ಅದೊಂದನ್ನೇ ಬಿಗಿದ, ಬ್ಯಾಟರಿ ಕೂಡಿಸಿದ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ನು ಎದ್ದಿತು. ಹಳದಿ ದೀಪ ಸ್ವಲ್ಪ ಹೊತ್ತು ಇದ್ದು ಆರಿತು. ಅವನು ಗಾಡಿ ಓಡಿಸಿದ್ದನ್ನು ನಾನು ಬಹಳ ನೋಡಿದ್ದೇನೆ, ಅಂದು ಓಡಿಸಿದ ಹಾಗೆ ಎಂದೂ ಓಡಿಸಿರಲಿಲ್ಲ. ಹಾಡಿಲ್ಲ, ಫ್ಯಾನಿಲ್ಲ. ಕ್ಯಾನುಗಳ ಸದ್ದು ಮಾತ್ರ.

ಡೇರಿಯ ಬಾಗಿಲಲ್ಲಿ ಬಾಹುಬಲಿ ಕೈಗಡಿಯಾರ ನೋಡುತ್ತ ನಿಂತಿದ್ದ. ಮೊದಲ ಕ್ಯಾನಿನ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದ. ಎರಡನೆಯದು. ಮೂರನೆಯದು. ಒಂದೊಂದಕ್ಕೂ ಮಾಳಸಿದ್ದ ಹಣೆ ಒರೆಸಿಕೊಳ್ಳುತ್ತಿದ್ದ. ಎಲ್ಲವನ್ನೂ ನೋಡಿದ ಮೇಲೆ ಬಾಹುಬಲಿ ಒಳಗಿನವರಿಗೆ, "ತಗೋರಿ, ಹಾಲು ಛಲೋ ಐತಿ" ಎಂದ. ನಾನು ನಿಂತಲ್ಲಿಂದಲೇ ಮಾಯಕ್ಕನಿಗೆ ಕೈ ಮುಗಿದೆ.

ಅಕ್ಕ ಕ್ಯಾಬಿನ್ನಿನಲ್ಲೇ ಕುಳಿತಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ನಡು ರಸ್ತೆಯಲ್ಲಿ ಒಲ್ಲೆ ಅನ್ನಿಸಿಕೊಂಡರೆ ಯಾರಿಗೆ ನೋವಾಗುವುದಿಲ್ಲ ಎಂದುಕೊಂಡು ನಾನು ಹತ್ತಿರ ಹೋದೆ.

"ಬ್ಯಾಸರಾತೇನ್ರಿ ಅಕ್ಕಾರ? ಅವರ ಮಾತ ಮನಸಿಗೆ ಹಚ್ಚಿಕೋಬ್ಯಾಡ್ರಿ."

"ಬ್ಯಾಸರ ಯಾತಕ್ಕವಾ" ಎಂದಳು. ಆಚೆ ಮಾಳಸಿದ್ದ ಖಾಲಿ ಕ್ಯಾನುಗಳನ್ನು ಎತ್ತಿ ಎತ್ತಿ ಗಾಡಿಗೆ ಹಾಕುತ್ತಿದ್ದ. ಅಕ್ಕ ಅವನನ್ನೇ ನೋಡುತ್ತಿದ್ದಳು. "ಹಸದಾಂವ ಬ್ಯಾಡ ಅನ್ನೂದಿಲ್ಲ. ಇಷ್ಟು ವರ್ಷಾದ ಮ್ಯಾಲ ಇವತ್ತ ನನ್ನ ತಮ್ಮನ ಹೊಟ್ಟಿ ತುಂಬ್ತು ನೋಡು."